ಸಿಕ್ಕಿಂ: ಹೊಲ ಸಾವಯವವಾಯಿತು, ಅಕ್ಕಿ ಎಲ್ಲಿಂದ ಬರುತ್ತಿದೆ?

ಸಿಕ್ಕಿಂನಲ್ಲಿ ಯೂರಿಯಾ ಮಾರುವುದು ಅಪರಾಧ. 2014ರಲ್ಲಿ ಅಲ್ಲಿನ ವಿಧಾನಸಭೆ ಮಾಡಿದ ಕಾನೂನಿನ ಪ್ರಕಾರ ರಾಸಾಯನಿಕ ಗೊಬ್ಬರ, ಕೀಟನಾಶಕ ತಂದು ಮಾರಿದರೆ 1 ಲಕ್ಷ ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು. ಆದರೆ ಅದೇ ಸಿಕ್ಕಿಂನ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುವ ಅಕ್ಕಿ ಯೂರಿಯಾ ಹಾಕಿ ಬೆಳೆದದ್ದು. ಬೇರೆ ರಾಜ್ಯಗಳ ಗದ್ದೆಯಿಂದ ಗೋದಾಮಿಗೆ, ಅಲ್ಲಿಂದ ಲಾರಿ ಹತ್ತಿ ಬೆಟ್ಟಕ್ಕೆ ಬರುತ್ತದೆ.

ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸಿಕ್ಕಿಂ ಕಥೆ ಅರ್ಧ ಆಗುತ್ತದೆ. ಸಾವಯವದ ಮಾತು ಬಂದಾಗಲೆಲ್ಲ ನಾವು ಹೊಲದ ಬಗ್ಗೆಯೇ ಮಾತಾಡುತ್ತೇವೆ. ಗೊಬ್ಬರ ಯಾವುದು, ಔಷಧಿ ಹೊಡೆದಿದ್ದಾರಾ, ಬೀಜ ಎಲ್ಲಿಯದು ಅಂತ. ಹೊಲದಿಂದ ತಟ್ಟೆಗೆ ಬರುವ ದಾರಿಯ ಮಾತು ಕಡಿಮೆ. ಸಿಕ್ಕಿಂ ಹೊಲದ ಕೆಲಸವನ್ನು ದೇಶದ ಬೇರೆ ಯಾವ ರಾಜ್ಯಕ್ಕಿಂತಲೂ ಚೆನ್ನಾಗಿ ಮಾಡಿತು. ದಾರಿಯ ಕೆಲಸ ಬಾಕಿ ಉಳಿಯಿತು. ಆ ಬಾಕಿಯ ಭಾರ ಬಿದ್ದದ್ದು ರೈತರ ಮೇಲೆ.

ರಾಜ್ಯದ ಗಾತ್ರ, ನೆಲದ ಗುಣ

ಸಿಕ್ಕಿಂ 7,096 ಚದರ ಕಿಲೋಮೀಟರ್‌ನ ಪುಟ್ಟ ರಾಜ್ಯ. ನಮ್ಮ ಹಾಸನ ಜಿಲ್ಲೆ ಹೆಚ್ಚೂಕಡಿಮೆ ಅಷ್ಟೇ ದೊಡ್ಡದು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 6,10,577 ಜನ. ಬಹುಪಾಲು ಜಾಗ ಕಾಡು, ಹಿಮ, ಕಡಿದಾದ ಬೆಟ್ಟ. ಉಳುವುದಕ್ಕೆ ಆಗುವ ನೆಲ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಅದೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ತುಂಡು ಗದ್ದೆಗಳು. ಟ್ರ್ಯಾಕ್ಟರ್ ಹೋಗುವ ಮಾತೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ಒಂದೆರಡು ದನ, ಆಡು, ಹಂದಿ, ಕೋಳಿ ಇರುತ್ತವೆ. ಕೊಟ್ಟಿಗೆಗೆ ಕಾಡಿನ ಸೊಪ್ಪು, ತರಗೆಲೆ ಹಾಸಿ, ಅದು ಸಗಣಿ ಗಂಜಲದಲ್ಲಿ ನೆನೆದು ಕೊಳೆತ ಮೇಲೆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹಾಕುತ್ತಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ರಾಸಾಯನಿಕ ಗೊಬ್ಬರ ಅಲ್ಲಿ ಯಾವತ್ತೂ ಜಾಸ್ತಿ ಬಳಕೆಯಲ್ಲಿ ಇರಲಿಲ್ಲ. ಪಂಜಾಬಿನ ಗೋಧಿ ಹೊಲಕ್ಕೋ ಮಂಡ್ಯದ ಕಬ್ಬಿನ ಗದ್ದೆಗೋ ಬೀಳುವ ಗೊಬ್ಬರದ ಪ್ರಮಾಣ ಆ ಬೆಟ್ಟದ ರೈತ ಕಂಡಿರಲೇ ಇಲ್ಲ. ಇದು ಈ ಪ್ರಕರಣದಲ್ಲಿ ಬಹಳ ಮುಖ್ಯ. ಚಟ ಹತ್ತದ ನೆಲಕ್ಕೆ ಬಿಡುವುದು ಸುಲಭ. ಯೂರಿಯಾ ಮೇಲೆಯೇ ನಿಂತ ಗದ್ದೆಗೆ ಒಂದೇ ಸಲ ನಿಲ್ಲಿಸಿದರೆ ಮೊದಲ ವರ್ಷವೇ ಇಳುವರಿ ಕುಸಿಯುತ್ತದೆ.

ಸಿಕ್ಕಿಂ ಮಾದರಿಯನ್ನು ಎಲ್ಲ ಕಡೆ ಹಾಗೇ ತಂದು ಹಾಕಬಹುದು ಅಂತ ಭಾಷಣ ಮಾಡುವವರು ಈ ಒಂದು ಸಂಗತಿಯನ್ನು ಬಿಟ್ಟೇ ಮಾತಾಡುತ್ತಾರೆ. ಹಾಗಂತ ಸಿಕ್ಕಿಂ ಸುಮ್ನೆ ಇದ್ದದ್ದಕ್ಕೆ ಹೆಸರು ಕೊಟ್ಟಿತು ಅಂತ ತಳ್ಳಿಹಾಕುವುದೂ ತಪ್ಪು. ಯೂರಿಯಾ ಅಲ್ಲಿಗೂ ಬರುತ್ತಿತ್ತು, ಸಬ್ಸಿಡಿಯೂ ಇತ್ತು. ಬಿಟ್ಟಿದ್ದರೆ ಬಳಕೆ ವರ್ಷ ವರ್ಷಕ್ಕೆ ಏರುತ್ತಲೇ ಹೋಗುತ್ತಿತ್ತು. ಹಿಮಾಚಲದ ಸೇಬಿನ ತೋಟಗಳಲ್ಲಿ ಆದದ್ದು ಅದೇ ಅಲ್ವಾ? ಬೆಟ್ಟದ ನೆಲ ಅನ್ನೋ ಕಾರಣಕ್ಕೆ ಔಷಧಿ ಸಿಂಪಡಣೆ ಅಲ್ಲೇನೂ ನಿಂತಿಲ್ಲ.

13 ವರ್ಷದ ಕೆಲಸ

2003ರಲ್ಲಿ ಮುಖ್ಯಮಂತ್ರಿ ಪವನ್ ಕುಮಾರ್ ಚಾಮ್ಲಿಂಗ್ ವಿಧಾನಸಭೆಯಲ್ಲಿ ಘೋಷಿಸಿದರು: ಸಿಕ್ಕಿಂ ಪೂರ್ತಿ ಸಾವಯವ ರಾಜ್ಯ ಆಗಬೇಕು. ಅವರು 1994ರಿಂದ 2019ರವರೆಗೆ ಸತತವಾಗಿ ಅಧಿಕಾರದಲ್ಲಿ ಇದ್ದವರು. ಇಷ್ಟು ಉದ್ದದ ಕೆಲಸಕ್ಕೆ ಅದು ಅನುಕೂಲವೇ ಆಯಿತು. ಐದು ವರ್ಷಕ್ಕೊಮ್ಮೆ ಸರ್ಕಾರ, ಹಿಂದಿನವರ ಯೋಜನೆ ಎರಡೂ ಬದಲಾಗುವ ಕಡೆ ಇಂಥದ್ದು ಮೂರನೇ ವರ್ಷಕ್ಕೇ ನಿಂತುಹೋಗುತ್ತದೆ.

ಮೊದಲ ಹೆಜ್ಜೆ ನಿಷೇಧ ಅಲ್ಲ. ಅದನ್ನು ಗಮನಿಸಬೇಕು. ಸರ್ಕಾರ ಮೊದಲು ಗೊಬ್ಬರದ ಸಬ್ಸಿಡಿಯನ್ನು ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂತು. ಕೇಂದ್ರ ಕೊಡುತ್ತಿದ್ದ ಗೊಬ್ಬರದ ಕೋಟಾ ಎತ್ತುವುದನ್ನು ನಿಲ್ಲಿಸಿತು. ಮಾರಾಟದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಇದರ ಜೊತೆಗೇ ಮನೆಗಳ ಪಕ್ಕ ಎರೆಗೊಬ್ಬರದ ತೊಟ್ಟಿ, ಕಾಂಪೋಸ್ಟ್ ಗುಂಡಿ ಕಟ್ಟಿಸಿದರು. ನಾಜಿತಾಮ್, ಮೆಲ್ಲಿದಾರಾದಲ್ಲಿದ್ದ ಸರ್ಕಾರಿ ಫಾರಂಗಳನ್ನು ಸಾವಯವ ಕೃಷಿಯ ತರಬೇತಿ ಕೇಂದ್ರಗಳಾಗಿ ಬದಲಿಸಿದರು. ಹಳ್ಳಿ ಹುಡುಗರಿಗೆ ತರಬೇತಿ ಕೊಟ್ಟು ಪ್ರಮಾಣೀಕರಣದ ಕಾಗದಪತ್ರ ಬರೆಯುವ ಕೆಲಸಕ್ಕೆ ಹಚ್ಚಿದರು.

2010ರ ಆಗಸ್ಟ್ 15ಕ್ಕೆ 'ಸಿಕ್ಕಿಂ ಆರ್ಗ್ಯಾನಿಕ್ ಮಿಷನ್' ಶುರುವಾಯಿತು. ಗಡುವು 2015ರ ಡಿಸೆಂಬರ್. ಕೇಂದ್ರದ ಸಾವಯವ ಉತ್ಪಾದನಾ ಕಾರ್ಯಕ್ರಮದ (ಎನ್‌ಪಿಒಪಿ) ನಿಯಮದ ಪ್ರಕಾರ ಒಂದು ಹೊಲ ಸಾವಯವ ಅನ್ನಿಸಿಕೊಳ್ಳಲು ಎರಡು ಮೂರು ವರ್ಷದ ಪರಿವರ್ತನೆ ಅವಧಿ ಬೇಕು. ಹಳ್ಳಿ ಹಳ್ಳಿ ಸುತ್ತಿ ರೈತರನ್ನು ಗುಂಪು ಮಾಡಿ, ಪ್ರತಿ ಹೊಲಕ್ಕೂ ಡೈರಿ ಬರೆದು, ಖಾಸಗಿ ಪ್ರಮಾಣೀಕರಣ ಸಂಸ್ಥೆಗಳಿಂದ ಪರಿಶೀಲನೆ ಮಾಡಿಸಿದರು. ಖರ್ಚನ್ನು ಸರ್ಕಾರವೇ ಹೊತ್ತಿತು. 66 ಸಾವಿರಕ್ಕೂ ಜಾಸ್ತಿ ರೈತ ಕುಟುಂಬಗಳು, ಸುಮಾರು 75 ಸಾವಿರ ಹೆಕ್ಟೇರ್ ನೆಲ. 2016ರ ಜನವರಿ 18ರಂದು ಗ್ಯಾಂಗ್ಟಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಸಿಕ್ಕಿಂ ಅನ್ನು ದೇಶದ ಮೊದಲ ಪೂರ್ಣ ಸಾವಯವ ರಾಜ್ಯ ಅಂತ ಘೋಷಿಸಿದರು. 2018ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಹಯೋಗದಲ್ಲಿ ಕೊಡುವ 'ಫ್ಯೂಚರ್ ಪಾಲಿಸಿ' ಪ್ರಶಸ್ತಿಯ ಚಿನ್ನ ಸಿಕ್ಕಿತು. 51 ನೀತಿಗಳು ಸ್ಪರ್ಧೆಯಲ್ಲಿದ್ದವು.

ಇಲ್ಲಿ ಶ್ರೀಲಂಕಾವನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಹತ್ತು ವರ್ಷದಲ್ಲಿ ಹಂತ ಹಂತವಾಗಿ ಅಂತ ಚುನಾವಣೆಯಲ್ಲಿ ಹೇಳಿದ್ದನ್ನು ಒಂದೇ ಹಂಗಾಮಿಗೆ ತಂದಿಟ್ಟರು. ದಶಕಗಳಿಂದ ಸಬ್ಸಿಡಿ ಗೊಬ್ಬರದ ಮೇಲೆ ನಿಂತಿದ್ದ ಭತ್ತದ ಗದ್ದೆ, ಚಹಾ ತೋಟ ಎರಡೂ ಕುಸಿದವು. ನವೆಂಬರ್ ಹೊತ್ತಿಗೆ ನಿಷೇಧ ವಾಪಸ್. ಡಾಲರ್ ಉಳಿಸುವ ಆತುರವೂ ಆ ನಿರ್ಧಾರದ ಹಿಂದೆ ಇತ್ತು. ಸಾವಯವ ಕೃಷಿಯ ಮೇಲೆ ಜನರಿಗಿದ್ದ ನಂಬಿಕೆಗೆ ಶ್ರೀಲಂಕಾದಲ್ಲಿ ಬಿದ್ದ ಪೆಟ್ಟು ದೊಡ್ಡದು. ಅದನ್ನು ನೋಡಿದ ಮೇಲೆ ಸಿಕ್ಕಿಂ ತೋರಿಸಿದ ತಾಳ್ಮೆಯ ಬೆಲೆ ಗೊತ್ತಾಗುತ್ತದೆ. ಒಂದು ಕಡೆ 13 ವರ್ಷ, ಇನ್ನೊಂದು ಕಡೆ ಒಂದು ಗೆಜೆಟ್ ಪ್ರಕಟಣೆ.

ಏಲಕ್ಕಿ ತೋಟದ ಒಳಗೆ

ಸಾವಯವ ಅಂದರೆ ಏನು ಅಂತ ನೋಡಬೇಕಿದ್ದರೆ ಸಿಕ್ಕಿಂನ ದೊಡ್ಡ ಏಲಕ್ಕಿ ತೋಟ ನೋಡಬೇಕು. ಪಲಾವಿಗೆ, ಗರಂ ಮಸಾಲೆಗೆ ಹಾಕುತ್ತೇವಲ್ಲ, ಕಪ್ಪಗೆ, ಸುಕ್ಕುಸುಕ್ಕಾಗಿ, ಹೊಗೆಯ ವಾಸನೆ ಬರುವ ಏಲಕ್ಕಿ, ಅದೇ ಇದು. ನಮ್ಮ ಸಕಲೇಶಪುರ, ಕೊಡಗಿನ ಹಸಿರು ಏಲಕ್ಕಿಯ ದೂರದ ಸಂಬಂಧಿ. ದೇಶದಲ್ಲಿ ಬೆಳೆಯುವ ದೊಡ್ಡ ಏಲಕ್ಕಿಯಲ್ಲಿ ಬಹುಪಾಲು ಸಿಕ್ಕಿಂನದು.

ತೋಟ ಇರುವುದು ಬೆಟ್ಟದ ಇಳಿಜಾರಿನಲ್ಲಿ, ತೊರೆಗಳ ಪಕ್ಕದ ತಂಪಿನಲ್ಲಿ. ಮೇಲೆ ನೆರಳಿಗೆ ಉತ್ತಿಸ್ ಮರ. ಈ ಮರ ದ್ವಿದಳ ಜಾತಿಯದ್ದಲ್ಲ. ಆದರೂ ಅದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಎಲೆ ಬೇಗ ಬೀಳುತ್ತದೆ, ಬೇಗ ಕೊಳೆಯುತ್ತದೆ. ಅಂದರೆ ತೋಟಕ್ಕೆ ಬೇಕಾದ ಯೂರಿಯಾ ಮರದ ಮೇಲಿಂದಲೇ ಉದುರುತ್ತದೆ. ಮರ ವೇಗವಾಗಿ ಬೆಳೆಯುವುದರಿಂದ ಸೌದೆಗೂ ಆಯಿತು, ಇಳಿಜಾರಿನ ಮಣ್ಣು ಕುಸಿಯದಂತೆ ಹಿಡಿದುಕೊಳ್ಳುವುದಕ್ಕೂ ಆಯಿತು. ಲೆಪ್ಚಾ ಜನ, ಆಮೇಲೆ ನೇಪಾಳಿ ಮೂಲದ ರೈತರು ತಲೆಮಾರುಗಳಿಂದ ನಡೆಸಿಕೊಂಡು ಬಂದ ವ್ಯವಸ್ಥೆ ಇದು. ಯಾವ ಮಿಷನ್ನೂ ಬರುವ ಮೊದಲೇ ಇತ್ತು.

ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ತಾಗಿದಂತೆ. ಕೊಯ್ಯಲು ಉದ್ದ ಹಿಡಿಯ ಸಣ್ಣ ಚೂರಿಯೇ ಬೇರೆ ಇದೆ. ಗಿಡಕ್ಕೆ ಏಟಾಗದಂತೆ ಬುಡಕ್ಕೆ ಚೂರಿ ಇಳಿಸಿ ಗೊಂಚಲು ಕಿತ್ತು, ಕಾಯಿ ಬಿಡಿಸಿ, ಭಟ್ಟಿಯ ಮೇಲೆ ಹರಡುತ್ತಾರೆ. ಭಟ್ಟಿ ಅಂದರೆ ಕಲ್ಲು ಮಣ್ಣಿನ ಒಲೆ, ಮೇಲೆ ಬಿದಿರಿನ ತಟ್ಟಿ ಅಥವಾ ತಂತಿ ಬಲೆ. ಕೆಳಗೆ ಸೌದೆ ಉರಿಯುತ್ತದೆ. ಒಂದು ದಿನದಿಂದ ಮೂರು ದಿನದವರೆಗೆ ಹೊಗೆ ಶಾಖದಲ್ಲಿ ಒಣಗಬೇಕು, ನಡುನಡುವೆ ಕೈಯಾಡಿಸಬೇಕು. ನಾಲ್ಕು ಕೆಜಿ ಹಸಿ ಕಾಯಿಗೆ ಒಂದು ಕೆಜಿ ಆಸುಪಾಸು ಒಣ ಏಲಕ್ಕಿ ಸಿಗುತ್ತದೆ. ಹೊಗೆ ಜಾಸ್ತಿಯಾದರೆ ಬಣ್ಣ ಕಪ್ಪಾಗಿ, ಎಣ್ಣೆಯ ಅಂಶ ಹೋಗಿ, ಬೆಲೆ ಇಳಿಯುತ್ತದೆ. ಹೊಗೆ ನೇರವಾಗಿ ಕಾಯಿಗೆ ತಾಗದಂತೆ ಒಣಗಿಸುವ ಸುಧಾರಿತ ಭಟ್ಟಿಗಳೂ ಬಂದಿವೆ.

ಇಷ್ಟು ಚಂದದ ತೋಟವೂ ಕಷ್ಟ ಕಂಡಿದೆ. ಚಿರ್ಕೆ, ಫೂರ್ಕೆ ಅನ್ನೋ ಎರಡು ನಂಜುರೋಗಗಳು ಗಿಡಹೇನಿನ ಮೂಲಕ ಹರಡಿ ಹಳೆ ತೋಟಗಳನ್ನು ಸೊರಗಿಸಿದವು. ಎಲೆ ಒಣಗಿಸುವ ಶಿಲೀಂಧ್ರ ರೋಗವೂ ಸೇರಿಕೊಂಡಿತು. ನಂಜುರೋಗಕ್ಕೆ ರಾಸಾಯನಿಕದಲ್ಲೂ ಮದ್ದಿಲ್ಲ. ರೋಗ ಬಂದ ಗಿಡ ಕಿತ್ತು ಸುಡಬೇಕು, ಆರೋಗ್ಯದ ಸಸಿ ನೆಡಬೇಕು. ಇದಕ್ಕೆ ಒಳ್ಳೆಯ ನರ್ಸರಿ ಬೇಕು, ಸಸಿ ಫಸಲಿಗೆ ಬರುವವರೆಗೆ ರೈತನ ಮನೆ ನಡೆಯಬೇಕು. ತೋಟದ ಇಳುವರಿ ಬಿದ್ದಾಗಲೆಲ್ಲ ಸಾವಯವದ ಮೇಲೆ ದೂರು ಹಾಕುವವರು ಇದನ್ನು ಗಮನಿಸಬೇಕು. ರೋಗ ಹರಡಿದ್ದು ಗೊಬ್ಬರ ನಿಲ್ಲಿಸಿದ್ದಕ್ಕಲ್ಲ.

ಮೆಕ್ಕೆಜೋಳದ ಕಥೆ ಬೇರೆ. ಅಲ್ಲಿ ಔಷಧಿ ಇಲ್ಲದ ಕಷ್ಟ ನಿಜವಾಗಿಯೂ ಕಾಡುತ್ತದೆ. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮುಂದಿನ ವರ್ಷವೇ ಈಶಾನ್ಯದ ಬೆಟ್ಟಗಳನ್ನೂ ತಲುಪಿತು. ದಾವಣಗೆರೆ, ಹಾವೇರಿಯ ರೈತ ಅಂಗಡಿಗೆ ಓಡಿ ಔಷಧಿ ತಂದ. ಸಿಕ್ಕಿಂ ರೈತನಿಗೆ ಆ ದಾರಿ ಇಲ್ಲ. ಸುಳಿಯೊಳಗೆ ಬೂದಿ, ಮರಳು ಉದುರಿಸುವುದು, ಮೊಟ್ಟೆ ಹುಡುಕಿ ಹಿಸುಕುವುದು, ಬೇವಿನ ದ್ರಾವಣ, ಮೋಹಕ ಬಲೆ, ಹುಳುವಿಗೆ ರೋಗ ತರಿಸುವ ಶಿಲೀಂಧ್ರದ ಪುಡಿ, ಇವೇ ಆಯುಧ. ಇವು ಕೆಲಸ ಮಾಡುತ್ತವೆ. ಆದರೆ ದಿನಾ ಹೊಲಕ್ಕಿಳಿಯುವ ಕೈ ಬೇಕು, ಸಾಮಗ್ರಿ ಸರಿಯಾದ ವಾರಕ್ಕೆ ಕೈಗೆ ಸಿಗಬೇಕು. ಮನೆಯ ಮಕ್ಕಳೆಲ್ಲ ಪೇಟೆ ಸೇರಿದ ಹಳ್ಳಿಯಲ್ಲಿ ಆ ಕೈ ಯಾರದು? ನಿಷೇಧದ ಕಾನೂನು ಬರೆಯುವಾಗ ಕೇಳಬೇಕಾದ ಪ್ರಶ್ನೆ ಇದು.

ಮಂಡಿಯಲ್ಲಿ ಕಳೆದುಹೋಗುವ ಗುರುತು

ಈಗ ಕಷ್ಟದ ಭಾಗಕ್ಕೆ ಬರೋಣ. ಹೊಲದಿಂದ ಹೊರಟ ಮೇಲೆ ಬೆಳೆಗೆ ಏನಾಗುತ್ತದೆ?

ಶುಂಠಿಯನ್ನೇ ತಗೊಳ್ಳಿ. ಸಿಕ್ಕಿಂನ ಸಣ್ಣ ರೈತನಿಗೆ ಕೈಗೆ ಬೇಗ ದುಡ್ಡು ಕೊಡುವ ಬೆಳೆ. ಅವರದು ಒಂದು ಜಾಣ ಪದ್ಧತಿ ಇದೆ. ಗಿಡ ಬೇರು ಬಿಟ್ಟು ನಿಂತ ಮೇಲೆ ಬುಡದ ಮಣ್ಣು ಸರಿಸಿ, ನೆಟ್ಟಿದ್ದ ಹಳೆಯ ಗೆಡ್ಡೆಯನ್ನು ಮಾತ್ರ ಮೆಲ್ಲಗೆ ಮುರಿದು ತೆಗೆದು ಮಾರುತ್ತಾರೆ. ಬಿತ್ತನೆಗೆ ಹಾಕಿದ ದುಡ್ಡು ಫಸಲಿಗೆ ಮೊದಲೇ ವಾಪಸ್ ಬರುತ್ತದೆ. ಸಾಲ ಮಾಡುವ ಕೆಲಸ ಕಡಿಮೆ.

ಆದರೆ ಆ ಶುಂಠಿ ಹೋಗುವುದು ಬೆಟ್ಟದ ಕೆಳಗಿರುವ ಪಶ್ಚಿಮ ಬಂಗಾಳದ ಪೇಟೆ ಸಿಲಿಗುರಿಗೆ. ಹಳ್ಳಿಗೆ ಬಂದ ದಲ್ಲಾಳಿ ಮೂಟೆ ಲೆಕ್ಕದಲ್ಲಿ ಎತ್ತುತ್ತಾನೆ. ಸಿಲಿಗುರಿ ಮಂಡಿಯಲ್ಲಿ ನೇಪಾಳದ ಶುಂಠಿ, ಡಾರ್ಜಿಲಿಂಗ್ ಶುಂಠಿ, ಸಿಕ್ಕಿಂ ಶುಂಠಿ ಎಲ್ಲ ಒಂದೇ ರಾಶಿ, ಒಂದೇ ದರ. ಸಾವಯವ ಅನ್ನುವ ಗುರುತು ಅಲ್ಲೇ ಕಳೆದುಹೋಗುತ್ತದೆ. ಹದಿಮೂರು ವರ್ಷ ಕಟ್ಟಿದ್ದು ಒಂದು ಲಾರಿ ಲೋಡಿನಲ್ಲಿ ಮುಗಿಯಿತು. ಇದನ್ನು ಓದುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಇದರಲ್ಲಿ ರೈತನ ತಪ್ಪು ಒಂದಿಷ್ಟೂ ಇಲ್ಲ.

ಪ್ರಮಾಣಪತ್ರದ ಸ್ವರೂಪವೂ ಇದಕ್ಕೆ ಕಾರಣ. ಸಣ್ಣ ರೈತರಿಗೆ ಒಬ್ಬೊಬ್ಬರಿಗೇ ಪ್ರಮಾಣಪತ್ರ ಮಾಡಿಸುವುದು ದುಬಾರಿ. ಅದಕ್ಕೇ ಗುಂಪು ಪ್ರಮಾಣೀಕರಣ. 25ರಿಂದ 500 ರೈತರ ಒಂದು ಗುಂಪು, ಅದಕ್ಕೊಂದು ಒಳಗಿನ ನಿಯಂತ್ರಣ ವ್ಯವಸ್ಥೆ. ಪತ್ರ ಗುಂಪಿನ ಹೆಸರಿನಲ್ಲಿ ಇರುತ್ತದೆ. ರೈತ ಒಬ್ಬನೇ ತನ್ನ ಎರಡು ಮೂಟೆ ಹೊತ್ತುಕೊಂಡು ಹೋಗಿ 'ಇದು ಪ್ರಮಾಣೀಕೃತ' ಅಂತ ಹೇಳಿ ಮಾರುವ ಹಾಗಿಲ್ಲ. ಗುಂಪಾಗಿ ಸರಕು ಕಲೆಹಾಕಿ, ಗುಂಪಾಗಿ ಮಾರಿದರೆ ಮಾತ್ರ ಆ ಕಾಗದಕ್ಕೆ ಬೆಲೆ. ಜೊತೆಗೆ ಪ್ರತಿ ವರ್ಷ ನವೀಕರಿಸಬೇಕು. ಮಿಷನ್ ಜೋರಾಗಿದ್ದಾಗ ಸರ್ಕಾರ ದುಡ್ಡು ಕಟ್ಟಿತು. ಜೋರು ಇಳಿದ ಮೇಲೆ ಯಾರು ಕಟ್ಟಬೇಕು? ಪ್ರೀಮಿಯಂ ಬೆಲೆ ಬಂದಿದ್ದರೆ ರೈತರೇ ಕಟ್ಟಿಕೊಳ್ಳುತ್ತಿದ್ದರು. ಬರಲಿಲ್ಲ.

ಬೆಟ್ಟದ ರಾಜ್ಯಕ್ಕೆ ಮುಖ್ಯವಾಗಿ ಬೇಕಾಗಿದ್ದು ಶುಂಠಿ ತೊಳೆದು ಒಣಗಿಸುವ ಘಟಕ, ಅರಿಶಿನ ಪುಡಿ ಮಾಡುವ ಗಿರಣಿ, ಶೀತಲ ಗೋದಾಮು, ಸರಕು ಎತ್ತುವ ಸಂಘ. ಸಹಕಾರಿ ಮಾರಾಟ ಮಂಡಳಿ ಸಿಮ್‌ಫೆಡ್ ಇತ್ತು, ಕೆಲಸವನ್ನೂ ಮಾಡಿತು. 2015-16ರಲ್ಲಿ ಈಶಾನ್ಯ ರಾಜ್ಯಗಳ ಸಾವಯವ ಮಾರಾಟ ಸರಪಳಿಗಾಗಿಯೇ ಕೇಂದ್ರದ ಯೋಜನೆ ಬಂತು. 2018ರಲ್ಲಿ ಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೋ ಮತ್ತು ರಾಜ್ಯ ಸರ್ಕಾರ ಸೇರಿ ಸಿಕ್ಕಿಂ ಇಫ್ಕೋ ಆರ್ಗ್ಯಾನಿಕ್ಸ್ ಅನ್ನೋ ಕಂಪನಿ ಮಾಡಿದವು, ಸಂಸ್ಕರಣೆಗೆ ರಾಜ್ಯದ ಗಡಿಯ ರಂಗ್ಪೋ ಪಟ್ಟಣ ಆರಿಸಿಕೊಂಡರು. ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಹೊಲದ ಕೆಲಸ ಶುರುವಾಗಿದ್ದು 2003ರಲ್ಲಿ. ಮಾರಾಟದ ಕೆಲಸಕ್ಕೆ ಬಲ ಬಂದದ್ದು ಹೊಲದ ಕೆಲಸ ಮುಗಿದ ಮೇಲೆ. ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ಲೋಪ ಇದು. ಮೊದಲ ಹೆಕ್ಟೇರ್ ಪರಿವರ್ತನೆ ಆಗುವ ದಿನವೇ ಅದರ ಫಸಲು ಕೊಳ್ಳುವವರು ಯಾರು ಅಂತ ಗೊತ್ತಿರಬೇಕಿತ್ತು.

ಹೆದ್ದಾರಿ ನಂಬಿದ ಅಡುಗೆಮನೆ

ಇನ್ನು ತಟ್ಟೆ. ಸಿಕ್ಕಿಂ ಜನ ಅನ್ನ ಉಣ್ಣುವವರು. ತಲೆಗೆ ತಿಂಗಳಿಗೆ ಎಂಟರಿಂದ ಹತ್ತು ಕೆಜಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 60ರಿಂದ 70 ಸಾವಿರ ಟನ್ ಅಕ್ಕಿ ಬೇಕಾಗುತ್ತದೆ. ಮೆಟ್ಟಿಲು ಗದ್ದೆಗಳಲ್ಲಿ ಬೆಳೆಯುವುದು ಅದರ ಒಂದು ಸಣ್ಣ ಪಾಲು. ಉಳಿದದ್ದು ಪಡಿತರದ ಅಕ್ಕಿ, ಇಲ್ಲವೇ ಸಿಲಿಗುರಿ ವ್ಯಾಪಾರಿಯ ಅಕ್ಕಿ. ಕೇಂದ್ರದ ಗೋದಾಮಿಗೆ ಭತ್ತ ತುಂಬುವುದು ಪಂಜಾಬ್, ಛತ್ತೀಸ್‌ಗಢ, ತೆಲಂಗಾಣ, ಒಡಿಶಾದಂಥ ರಾಜ್ಯಗಳು. ಬೇಳೆ, ಎಣ್ಣೆ, ಸಕ್ಕರೆ, ಈರುಳ್ಳಿ, ಆಲೂಗಡ್ಡೆಯ ಬಹುಪಾಲು ಹೊರಗಿನಿಂದಲೇ ಬರಬೇಕು.

ಬರುವ ದಾರಿ ಮುಖ್ಯವಾಗಿ ಒಂದೇ, ರಾಷ್ಟ್ರೀಯ ಹೆದ್ದಾರಿ 10. ಸಿಲಿಗುರಿ ಬಿಟ್ಟು ಸೇವೋಕ್ ದಾಟಿ ತೀಸ್ತಾ ನದಿಯ ಪಕ್ಕದಲ್ಲೇ ಹತ್ತುತ್ತಾ ರಂಗ್ಪೋ ಮೂಲಕ ಗ್ಯಾಂಗ್ಟಕ್. ಸುಮಾರು 115 ಕಿಲೋಮೀಟರ್. ಮಳೆಗಾಲದಲ್ಲಿ ಗುಡ್ಡ ಜರಿದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. 2017ರಲ್ಲಿ ಡಾರ್ಜಿಲಿಂಗ್ ಬೆಟ್ಟದಲ್ಲಿ ಗೂರ್ಖಾಲ್ಯಾಂಡ್ ಚಳವಳಿಯ ಬಂದ್ 104 ದಿನ ನಡೆಯಿತು. ಅದು ನೆರೆಯ ರಾಜ್ಯದ ಸಮಸ್ಯೆ. ಆದರೂ ಸಿಕ್ಕಿಂಗೆ ಸಾಮಾನು ಬರುವುದಕ್ಕೆ ತೊಂದರೆಯಾಯಿತು. 2023ರ ಅಕ್ಟೋಬರ್ 4ರ ನಸುಕಿನಲ್ಲಿ ದಕ್ಷಿಣ ಲ್ಹೋನಕ್ ಹಿಮನದಿ ಸರೋವರ ಒಡೆದು, ಚುಂಗ್‌ಥಾಂಗ್ ಅಣೆಕಟ್ಟು ಕೊಚ್ಚಿಹೋಗಿ, ತೀಸ್ತಾ ಉಕ್ಕಿ ಸಿಂಗ್ತಾಮ್, ರಂಗ್ಪೋ ಮುಳುಗಿದವು. ಹೆದ್ದಾರಿ ಹಲವು ಕಡೆ ನದಿಗೇ ಸೇರಿತು. ಅಂಥ ದಿನಗಳಲ್ಲಿ ಊರಿನ ಹತ್ತಿರವೇ ಬೆಳೆದ ಕಾಳು, ಸೊಪ್ಪು, ಗೆಡ್ಡೆಗೆ ಎಷ್ಟು ಬೆಲೆ ಅನ್ನೋದು ಅನುಭವಿಸಿದವರಿಗೇ ಗೊತ್ತು.

ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. 2018ರ ಮಾರ್ಚ್ ಕೊನೆಯಿಂದ ಹೊರಗಿನ ಸಾವಯವ ಅಲ್ಲದ ಹಲವು ತರಕಾರಿ, ಹಣ್ಣುಗಳನ್ನು ರಾಜ್ಯದೊಳಗೆ ತರಬಾರದು ಅಂತ ನಿಷೇಧ ಹಾಕಿತು. ಸ್ಥಳೀಯ ರೈತರಿಗೆ ಮಾರುಕಟ್ಟೆ ಸಿಗಲಿ ಅನ್ನೋದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅಷ್ಟು ತರಕಾರಿ ವರ್ಷಪೂರ್ತಿ ಬೆಳೆಯುವ ತಯಾರಿ ಹಳ್ಳಿಗಳಲ್ಲಿ ಆಗಿರಲಿಲ್ಲ. ಪೇಟೆಯಲ್ಲಿ ತರಕಾರಿ ಕಡಿಮೆಯಾಯಿತು, ಬೆಲೆ ಏರಿತು, ಜನ ಗೊಣಗಿದರು. ಸಿಲಿಗುರಿ ಲಾರಿಗಳು ಬರುವುದು ಇವತ್ತಿಗೂ ನಿಂತಿಲ್ಲ. ಹೊಲದ ವಿಷಯದಲ್ಲಿ ಸಬ್ಸಿಡಿಯನ್ನು ಮೆಲ್ಲಗೆ ಇಳಿಸಿದ ತಾಳ್ಮೆ ಇಲ್ಲಿ ಇರಲಿಲ್ಲ. ಅದೇ ಸರ್ಕಾರ, ಅದೇ ಉದ್ದೇಶ. ಅವಸರ ಮಾಡಿದ ಕಡೆ ಸೋತಿತು.

ಪ್ರವಾಸಿಗಳ ಲೆಕ್ಕವೂ ಇದೆ. ಸಾವಯವದ ಹೆಸರಿನಿಂದ ಪ್ರವಾಸೋದ್ಯಮ ಬೆಳೆಯಿತು ಅಂತ ಪ್ರಶಸ್ತಿ ಕೊಟ್ಟವರೂ ಹೊಗಳಿದರು. ಅದು ಹಳ್ಳಿಯ ಹೋಂಸ್ಟೇಗಳಿಗೆ ಒಳ್ಳೆಯದೇ. ಆದರೆ ಬಂದವರು ಮೂರು ಹೊತ್ತು ಉಣ್ಣಬೇಕು. ಅವರ ಪ್ಲೇಟಿನ ಅಕ್ಕಿ, ಕೋಳಿ, ಪನೀರ್ ಎಲ್ಲವೂ ಅದೇ ಹೆದ್ದಾರಿ ಹತ್ತಬೇಕು.

ಹಿಂದೆ ಬೆಟ್ಟದ ಮನೆಗಳು ಇಷ್ಟು ಅಕ್ಕಿ ನಂಬಿರಲಿಲ್ಲ. ಮೆಕ್ಕೆಜೋಳದ ನುಚ್ಚು, ಫಾಪರ್ (ಬಕ್‌ವೀಟ್) ಅನ್ನೋ ಕಾಳಿನ ರೊಟ್ಟಿ, ಸೊಪ್ಪು ಹುಳಿಸಿ ಒಣಗಿಸಿದ ಗುಂಡ್ರುಕ್, ಮತ್ತೆ ರಾಗಿ. ಹೌದು, ಸಿಕ್ಕಿಂನಲ್ಲಿ ರಾಗಿ ಬೆಳೆಯುತ್ತಾರೆ. ಬೇಯಿಸಿ, ಹುದುಗು ಬರಿಸಿ, ಬಿದಿರಿನ ಇಲ್ಲವೇ ಮರದ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ತೋಂಗ್ಬಾ ಮಾಡುತ್ತಾರೆ. ಪಡಿತರದ ಅಗ್ಗದ ಅಕ್ಕಿ ಬಂದ ಮೇಲೆ ಇಂಥ ಕಾಳುಗಳ ಹೊಲ ಕಡಿಮೆಯಾಗುತ್ತಾ ಬಂತು. ಅಗ್ಗದ ಅಕ್ಕಿ ಬಡವರ ಹೊಟ್ಟೆ ತುಂಬಿಸಿದೆ, ಅದನ್ನು ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಕೈಯಲ್ಲಿ ಸಾವಯವ ಬೆಳೆ ಬೆಳೆಸಿ, ಇನ್ನೊಂದು ಕೈಯಲ್ಲಿ ಹೊರಗಿನ ಅಕ್ಕಿ ಮಾತ್ರ ಹಂಚಿದರೆ ಆ ಬೆಳೆ ಉಣ್ಣುವವರು ಯಾರು?

ನಮ್ಮ ಕಡೆಗೆ

ಬೆಂಗಳೂರಿನ ಮನೆಯೊಂದರಲ್ಲೂ ಇದೇ ಕಥೆ ಇದೆ. ಸಾವಯವ ರಾಗಿ ಹಿಟ್ಟು, ಸಾವಯವ ಬೆಲ್ಲ ಹುಡುಕಿ ತರುತ್ತೇವೆ. ಒಗ್ಗರಣೆಗೆ ಹಾಕುವ ಎಣ್ಣೆ? ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್, ಅರ್ಜೆಂಟೀನಾದಿಂದ. ಉತ್ತರ ಕರ್ನಾಟಕದ ಕುಸುಬೆ, ಚಿತ್ರದುರ್ಗ ಪಾವಗಡದ ಕಡಲೆಕಾಯಿ, ಹುಚ್ಚೆಳ್ಳು, ಇವು ನಮ್ಮ ಒಣಭೂಮಿಯಲ್ಲಿ ಕಡಿಮೆ ಗೊಬ್ಬರದಲ್ಲೇ ಬರುವ ಎಣ್ಣೆಕಾಳು. ಸಿಕ್ಕಿಂಗೆ ಅಕ್ಕಿ ಹೇಗೋ ನಮಗೆ ಎಣ್ಣೆ ಹಾಗೆ. ಯೋಚನೆ ಮಾಡಬೇಕಾದ ವಿಷಯ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ಮಾಡಿದ ರಾಜ್ಯ. ಪ್ರಾಂತೀಯ ಒಕ್ಕೂಟಗಳಿವೆ, ಬೆಂಗಳೂರಿನಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳ ನಡೆಯುತ್ತದೆ. ನಮ್ಮಲ್ಲಿ ಸಿಕ್ಕಿಂಗೆ ಇಲ್ಲದ ಒಂದು ಅನುಕೂಲವೂ ಇದೆ. ಕೊಳ್ಳುವವರ ದೊಡ್ಡ ಪೇಟೆಗಳು ಹೊಲದಿಂದ ಕೆಲವೇ ಗಂಟೆಯ ದೂರದಲ್ಲಿವೆ. ಹೊಲಕ್ಕೆ ಹೋಗಿ ನೋಡಿ ಬರಬಹುದು, ರೈತನ ಕೈಯಿಂದಲೇ ಕೊಳ್ಳಬಹುದು. ಸಣ್ಣ ರೈತರು ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರದ ಕಡ್ಡಾಯದಿಂದ ಆಹಾರ ಸುರಕ್ಷತಾ ನಿಯಮದಲ್ಲೇ ವಿನಾಯಿತಿ ಇದೆ. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರಬಾರದು ಅಷ್ಟೇ. ಪೊಟ್ಟಣ ಕೊಳ್ಳುವವರು ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ನೋಡಬೇಕು. ಪಿಜಿಎಸ್ ಅಂದರೆ ರೈತರ ಗುಂಪೇ ಒಬ್ಬರ ಹೊಲಕ್ಕೆ ಇನ್ನೊಬ್ಬರು ಖಾತರಿ ಕೊಡುವ ಪದ್ಧತಿ. 'ಪಿಜಿಎಸ್ ಇಂಡಿಯಾ ಗ್ರೀನ್' ಅಂತ ಇದ್ದರೆ ಹೊಲ ಇನ್ನೂ ಪರಿವರ್ತನೆಯಲ್ಲಿದೆ ಅಂತ ಅರ್ಥ. ಅದನ್ನೂ ಕೊಳ್ಳಿ ಅಂತ ನಾನು ಹೇಳುತ್ತೇನೆ. ಇಳುವರಿ ಬಿದ್ದಿರುವ, ಪೂರ್ತಿ ಬೆಲೆಯೂ ಸಿಗದಿರುವ ಆ ಎರಡು ಮೂರು ವರ್ಷದಲ್ಲೇ ರೈತರು ಸೋತು ವಾಪಸ್ ಹೋಗುವುದು.

ಸರ್ಕಾರದ ಮಟ್ಟದಲ್ಲಿ ಮಾಡಬಹುದಾದ ಕೆಲಸ ಇನ್ನೂ ದೊಡ್ಡದಿದೆ. ಕರ್ನಾಟಕ ಬೆಂಬಲ ಬೆಲೆ ಕೊಟ್ಟು ರಾಗಿ, ಜೋಳ ಖರೀದಿಸಿ ಪಡಿತರದಲ್ಲಿ ಹಂಚುತ್ತದೆ. ಖರೀದಿ ಕೇಂದ್ರ, ಗೋದಾಮು, ತೂಕ, ಹಣ ಪಾವತಿ ಎಲ್ಲ ಈಗಾಗಲೇ ಇದೆ. ಅದರಲ್ಲೇ ಸಾವಯವ ಗುಂಪುಗಳ ರಾಗಿಗೆ ಬೇರೆ ಚೀಲ, ಬೇರೆ ದಾಸ್ತಾನು, ಕ್ವಿಂಟಾಲಿಗೆ ಒಂದಿಷ್ಟು ಜಾಸ್ತಿ ದರ ಇಡಬಹುದು. ಆ ರಾಗಿಯನ್ನು ಅದೇ ತಾಲ್ಲೂಕಿನ ವಿದ್ಯಾರ್ಥಿ ಹಾಸ್ಟೆಲ್‌ಗಳಿಗೆ, ಅಂಗನವಾಡಿಗಳಿಗೆ ಕೊಡಬಹುದು. ಹಾಸ್ಟೆಲ್‌ಗೆ ವರ್ಷಕ್ಕೆ ಎಷ್ಟು ರಾಗಿ ಬೇಕು ಅನ್ನುವ ಲೆಕ್ಕ ಇಲಾಖೆಯ ಹತ್ತಿರವೇ ಇರುತ್ತದೆ. ಬಿತ್ತನೆಗೆ ಮೊದಲೇ ಆ ಲೆಕ್ಕವನ್ನು ರೈತರ ಗುಂಪಿಗೆ ಹೇಳಿದರೆ ಅವರು ಅಷ್ಟು ಎಕರೆ ಹಾಕುತ್ತಾರೆ. ಮಾಗಡಿ, ಕುಣಿಗಲ್, ಅರಸೀಕೆರೆಯಂಥ ರಾಗಿ ಸೀಮೆಯ ಒಂದು ತಾಲ್ಲೂಕಿನಲ್ಲಿ ಬರುವ ಮುಂಗಾರಿಗೇ ಇದನ್ನು ಶುರು ಮಾಡಬಹುದು.